ದೀಪ ಹಚ್ಚುವ ಮುಂಚೆ ಮನೆ ಸೇರುವವರು

ಮೊದಲು ಹೋದದ್ದು ಮೊರದ ಅಂಚು.

ತೇವಾರಂನಿಂದ ಬೆಳಿಗ್ಗೆ ಬಸ್ಸು ಹತ್ತಿ ಬೋಡಿನಾಯಕನೂರಿಗೆ ಹೋಗಿ ಏಲಕ್ಕಿ ಆರಿಸುವುದು ನನ್ನ ಕೆಲಸವಾಗಿತ್ತು. ಬೆಟ್ಟದ ತೋಟಗಳಿಂದ ಮೂಟೆ ಬರುತ್ತದೆ. ಮೊರಕ್ಕೆ ಸುರಿದುಕೊಂಡು ದಪ್ಪ ಹಸಿರು ಕಾಯಿ ಒಂದು ಕಡೆ, ಬಾಯಿ ಬಿಟ್ಟದ್ದು ಒಂದು ಕಡೆ, ಬಿಳಚಿಕೊಂಡದ್ದು ಇನ್ನೊಂದು ಕಡೆ. ಇಪ್ಪತ್ತು ವರ್ಷ ದಾಟಿತ್ತು. ನನ್ನಷ್ಟು ಬೇಗ ಆರಿಸುವವರು ಆ ಗೋದಾಮಿನಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲ.

ಒಂದು ದಿನ ಮೇಸ್ತ್ರಿ ನನ್ನ ಹಿಂದೆ ನಿಂತು ಕೇಳಿದ. "ಅಕ್ಕಾ, ನಡುವಿನದ್ದೆಲ್ಲ ಚೊಕ್ಕವಾಗಿ ಆರಿಸ್ತೀರಿ. ಅಂಚಿನ ಕಾಯಿ ಯಾರಿಗೆ ಬಿಟ್ಟಿದ್ದೀರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊರ ನೋಡಿದೆ. ಅಂಚಿನಲ್ಲಿ ಏನೂ ಇರಲಿಲ್ಲ. ಕತ್ತು ತಿರುಗಿಸಿದೆ. ಬೆರಳಗಲಕ್ಕೆ ಸಾಲಾಗಿ ಕಾಯಿಗಳು ಇದ್ದವು.

ಅವತ್ತು ನಾನು ಮಾತಾಡಲಿಲ್ಲ. ನಾನು ಮಾತಾಡದಿದ್ದರೆ ಜನ ಹೆದರುತ್ತಾರೆ, ಹಾಗಾಗಿ ಯಾರೂ ಕೆದಕಲಿಲ್ಲ.

ಸಂಜೆಯಾದರೆ ಕಣ್ಣು ಮಸುಕಾಗುವುದು ಚಿಕ್ಕಂದಿನಿಂದಲೂ ಇತ್ತು. ನಮ್ಮ ಕಡೆ ಅದಕ್ಕೆ ಮಾಲೆಕಣ್ಣು ಅನ್ನುತ್ತಾರೆ. ಮೈ ಕಾವಿಗೆ ಬರುತ್ತದೆ, ಸೊಪ್ಪು ತಿಂದರೆ ಹೋಗುತ್ತದೆ ಎಂದು ನಂಬಿಕೆ. ನುಗ್ಗೆಸೊಪ್ಪು ತಿಂದೆ. ಆಡಿನ ಈಲಿ, ಲಿವರ್ ಅನ್ನುತ್ತಾರಲ್ಲ, ಅದನ್ನೂ ತಿಂದೆ. ವಾರಕ್ಕೆರಡು ಸಲ ನೆತ್ತಿಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡೆ. ಹಿತ್ತಲಿನ ನುಗ್ಗೆಮರ ಬೋಳಾಯಿತು, ನನ್ನ ಕಣ್ಣು ಹಾಗೇ ಉಳಿಯಿತು.

ಅದರಿಂದ ದೊಡ್ಡ ತೊಂದರೆಯೂ ಆಗಿರಲಿಲ್ಲ. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಒಳಗಿರಬೇಕು. ಹಚ್ಚಿದ ಮೇಲೆ ಹೊಸ್ತಿಲು ದಾಟಬಾರದು. ಈ ತಮಿಳು ಊರಿನಲ್ಲಿ ನಾವು ಕನ್ನಡದವರು ನೂರಾರು ಮನೆ ಇದ್ದೇವೆ, ಆದರೆ ಇಷ್ಟು ಬಿಗಿ ನಮ್ಮ ಮನೆಯಲ್ಲಿ ಮಾತ್ರ. ಅದೇ ನಮಗೆ ಹೆಮ್ಮೆ. ಸಂಬಂಧ ಕೇಳಿ ಬಂದವರು ಇದನ್ನೇ ಹೇಳಿಕೊಂಡು ಬರುತ್ತಿದ್ದರು. ನನ್ನ ಅವ್ವ ಸಾಯುವವರೆಗೂ ಒಂದು ಸಂಜೆಯೂ ಹೊರಗೆ ಕಾಲಿಟ್ಟವಳಲ್ಲ. ಅವಳ ಹೆಸರು ಹೇಳಿ ಬೇರೆ ಮನೆಯ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು.

ಮಗಳು ಸೆಲ್ವಿ ತೇನಿಯಲ್ಲಿ ಒಂದು ಶಾಲೆಯಲ್ಲಿ ಟೀಚರ್. ಮೊರದ ಸುದ್ದಿ ಅವಳ ಕಿವಿಗೆ ಬಿತ್ತು. ನನ್ನನ್ನು ದಿಂಡಿಗಲ್‌ನ ಒಂದು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿ ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಕೂರಿಸಿದರು. ಆಮೇಲೆ ಕಣ್ಣಿಗೆ ತಾಗುವ ಹಾಗೆ ತೆಳು ತಂತಿ ಇಟ್ಟು, ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿ ಬೆಳಕು ಮಿಂಚಿಸಿದರು. ಇಆರ್‌ಜಿ ಅಂತೆ. ಬೆಳಕು ಬಿದ್ದಾಗ ಕಣ್ಣಿನ ಒಳಪರದೆಯಿಂದ ಹೊರಡುವ ಕರೆಂಟನ್ನು ಅದು ಅಳೆಯುತ್ತದೆ. ಪಕ್ಕದ ಪರದೆಯಲ್ಲಿ ಗೆರೆ ಏಳಬೇಕು, ಇಳಿಯಬೇಕು.

ನನ್ನ ಗೆರೆ ಏಳಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ನನಗೆ ತಿಳಿಯಲಿಲ್ಲ ಎಂದೆ. ಅವಸರ ಮಾಡದೆ ಚೀಟಿಯ ಹಿಂದೆ ಚಿತ್ರ ಬರೆದರು. ಕಣ್ಣಿನ ಹಿಂದೆ ಪರದೆ, ಅದರಲ್ಲಿ ಎರಡು ಬಗೆಯ ಕೋಶಗಳು. ಕಡ್ಡಿಯಂಥವು ಮಬ್ಬು ಬೆಳಕಿಗೆ ಮತ್ತು ಅಂಚಿನ ನೋಟಕ್ಕೆ. ಶಂಕುವಿನಂಥವು ಹಗಲಿಗೆ, ಬಣ್ಣಕ್ಕೆ. ನನ್ನಲ್ಲಿ ಕಡ್ಡಿಗಳು ಸಾಯುತ್ತಿವೆ. ಅದಕ್ಕೇ ಸಂಜೆ ಹೋಯಿತು, ಮೊರದ ಅಂಚು ಹೋಯಿತು, ಹಸಿರು ಮಾತ್ರ ಇನ್ನೂ ಉಳಿದಿದೆ.

"ಸೊಪ್ಪು ತಿಂದೆನಲ್ಲ ಡಾಕ್ಟರ್?"

"ಸೊಪ್ಪಿನಲ್ಲಿ ಇರೋದು ಬೇಕೇ ಬೇಕಮ್ಮಾ," ಎಂದರು. ಕೋಶದೊಳಗೆ ಒಂದು ಪ್ರೋಟೀನ್, ಅದು ವಿಟಮಿನ್ ಎ ಯಿಂದ ಆದ ಒಂದು ಸಣ್ಣ ಕಣವನ್ನು ಬಗ್ಗಿಸಿ ಹಿಡಿದುಕೊಂಡಿರುತ್ತದೆ. ಬೆಳಕು ತಾಗಿದ ಕೂಡಲೇ ಆ ಕಣ ನೆಟ್ಟಗಾಗುತ್ತದೆ. ಅಲ್ಲಿಂದ ಒಂದರ ಹಿಂದೊಂದು ಕೆಲಸ ನಡೆದು ಮೆದುಳಿಗೆ ಸುದ್ದಿ ಹೋಗುತ್ತದೆ. "ನಿಮ್ಮಲ್ಲಿ ವಿಟಮಿನ್‌ಗೆ ಕೊರತೆ ಇಲ್ಲ. ಅದನ್ನ ಬಳಸೋ ಕೋಶದಲ್ಲೇ ಹುಟ್ಟಿನಿಂದ ತಪ್ಪಿದೆ. ನೀವಾಗಿ ಮಾತ್ರೆ ತಗೊಂಡು ನುಂಗಬೇಡಿ."

ಆಮೇಲೆ ಅವರು ಹೇಳಿದ ಒಂದು ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಬೆಳಕು ಬಿದ್ದಾಗ ಕೋಶ ಕೂಗಿ ಹೇಳುತ್ತದೆ ಎಂದು ನಾನು ಎಣಿಸಿದ್ದೆ. ಹಾಗಲ್ಲವಂತೆ. ಕತ್ತಲಲ್ಲಿ ಅದು ಬಿಡುವಿಲ್ಲದೆ ಸಂಕೇತ ಕಳಿಸುತ್ತಲೇ ಇರುತ್ತದೆ. ಬೆಳಕು ತಾಗಿದರೆ ಅದನ್ನು ತಗ್ಗಿಸುತ್ತದೆ. ಮುಂದಿನ ನರ ಆ ಸುಮ್ಮನಾಗುವುದನ್ನೇ ಬೆಳಕು ಎಂದು ತಿಳಿದುಕೊಳ್ಳುತ್ತದೆ. ಸುಮ್ಮನಿರುವುದರಿಂದಲೂ ಸುದ್ದಿ ಹೋಗುತ್ತದೆ ಎಂದು ಇಷ್ಟು ವಯಸ್ಸಾದ ಮೇಲೆ ನನಗೆ ಗೊತ್ತಾಯಿತು.

"ಮನೇಲಿ ಬೇರೆ ಯಾರಿಗಾದರೂ ಇದೆಯಾ?"

ಇಲ್ಲ ಎಂದೆ. ಗಟ್ಟಿಯಾಗಿಯೇ ಹೇಳಿದೆ.

ಅವರು ನಮ್ಮ ಮನೆತನದ ನಕ್ಷೆ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಹತ್ತಿರದ ರಕ್ತಸಂಬಂಧದ ಮದುವೆಗೆ ಎರಡು ಗೆರೆ. ಅಪ್ಪ ಅವ್ವನಿಗೆ ಸೋದರಮಾವ, ಎರಡು ಗೆರೆ. ಅಜ್ಜನೂ ಅಜ್ಜಿಯೂ ಸೋದರತ್ತೆ-ಸೋದರಮಾವನ ಮಕ್ಕಳು, ಎರಡು ಗೆರೆ. ನನ್ನದೊಂದೇ ಒಂಟಿ ಗೆರೆ, ನನಗೆ ಮುರೆಯ ಗಂಡು ಇರಲಿಲ್ಲವೆಂದು ದೂರದಿಂದ ತಂದಿದ್ದರು. ಮುರೆ ಅಂದರೆ ಹುಟ್ಟಿನಿಂದ ಬಂದ ಹಕ್ಕು. ಅಕ್ಕನ ಮಗಳನ್ನು ತಮ್ಮನ ಮಗನಿಗೆ ಕೇಳಿದರೆ ಇಲ್ಲ ಅನ್ನುವಂತಿಲ್ಲ.

"ಮಗಳಿಗೆ?" ಎಂದು ಕೇಳಿದರು ಡಾಕ್ಟರಮ್ಮ, ಪೆನ್ನು ಹಿಡಿದುಕೊಂಡೇ.

ನನ್ನ ತಮ್ಮ ಮಲ್ಲಯ್ಯನ ಮಗ ಕಾರ್ತಿಗೆ ನಿಶ್ಚಯವಾಗಿದೆ ಎಂದೆ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ಅವರು ಬರೆಯುವುದನ್ನು ನಿಲ್ಲಿಸಿದರು. ನನ್ನ ತಪ್ಪಿನ ಒಂದು ಪಾಲು ಮಗಳಿಗೆ ಖಂಡಿತ ಬಂದಿರುತ್ತದೆ, ರೋಗಕ್ಕೆ ಅಪ್ಪ ಅವ್ವ ಇಬ್ಬರ ಪಾಲೂ ಬೇಕಾದ್ದರಿಂದ ಅವಳ ಕಣ್ಣಿಗೆ ಏನೂ ಆಗುವುದಿಲ್ಲ, ಅದೇ ಪಾಲು ಹುಡುಗನಲ್ಲೂ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಅಪಾಯ ಎಂದರು. ರಕ್ತ ಪರೀಕ್ಷೆ ಮಾಡಿ ತಿಳಿಯಬಹುದು.

ಸೆಲ್ವಿ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಬಸ್ಸಿನಲ್ಲಿ ಬರುವಾಗ ಅವ್ವ ನೆನಪಾದಳು. ಹಾಡುಹಗಲಲ್ಲೂ ಗೋಡೆ ಸವರಿಕೊಂಡೇ ನಡೆಯುತ್ತಿದ್ದಳು. ಕೇಳಿದರೆ ಸುಣ್ಣ ಎದ್ದಿದೆಯಾ ನೋಡ್ತಿದೀನಿ ಅನ್ನುತ್ತಿದ್ದಳು. ತಟ್ಟೆಯ ಅಂಚಿಗೆ ಬಡಿಸಿದ ಪಲ್ಯವನ್ನು ಮುಟ್ಟುತ್ತಲೇ ಇರಲಿಲ್ಲ. ಸಂಜೆ ಹೊರಗೆ ಬರಲಿಲ್ಲ.

ಅವ್ವ ಕಟ್ಟಳೆಗಾಗಿ ಮನೆಯೊಳಗೆ ಇದ್ದವಳಲ್ಲ. ಅವಳಿಗೆ ಕಾಣುತ್ತಿರಲಿಲ್ಲ.

ಬಹುಶಃ ಅವಳ ಅವ್ವನಿಗೂ. ಯಾವ ಮುದುಕಿ ತನ್ನ ಕಣ್ಣನ್ನು ಮುಚ್ಚಿಡಲು ಆ ಕಟ್ಟಳೆ ಹಾಕಿದಳೋ, ಅದಕ್ಕೆ ಒಳ್ಳೆಯ ನಡತೆ ಎಂದು ಹೆಸರಿಟ್ಟುಕೊಂಡು ನಾವು ಮೂರು ತಲೆಮಾರು ಮೆರೆದೆವು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಒಂದು ಮಾತು ಹೇಳಬಹುದಿತ್ತಲ್ಲ. ಆಮೇಲೆ ನಾಚಿಕೆಯಾಯಿತು, ನಾನು ಮೇಸ್ತ್ರಿಗೆ ಹೇಳಿದ್ದೆನೇ?

ಮಲ್ಲಯ್ಯನಿಗೆ ಕಂಬಂನಲ್ಲಿ ದ್ರಾಕ್ಷಿ ತೋಟ. ಮುಂದಿನ ಭಾನುವಾರ ಅವನೇ ಬಂದ, ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು, ಲಗ್ನಪತ್ರಿಕೆ ಅಚ್ಚು ಹಾಕಿಸುವ ಮಾತಿಗೆ. ನಾನು ಎಲ್ಲ ಹೇಳಿದೆ. ಅವ್ವನದ್ದರಿಂದಲೇ ಶುರು ಮಾಡಿದೆ. ಅದನ್ನು ಮೊದಲು ಹೇಳಬಾರದಿತ್ತು.

"ಅವ್ವನ ನಡತೆನ ರೋಗ ಅಂತೀಯಾ?" ಅವನ ದನಿ ಏರಲಿಲ್ಲ. "ಊರೆಲ್ಲ ಕೈ ಮುಗೀತಿದ್ದ ಹೆಂಗಸನ್ನ ಕುರುಡಿ ಅಂತೀಯಲ್ಲಕ್ಕಾ."

"ನಾನು ಹೇಳ್ತಿರೋದು ಮಕ್ಕಳ ವಿಷಯ ಕಣೋ."

"ಮುರೆ ತಪ್ಪಿಸಬೇಕು ಅಂದ್ರೆ ನೇರಾಗಿ ಹೇಳು. ನನ್ನ ಮಗ ತೋಟದೋನು, ನಿನ್ನ ಮಗಳು ಟೀಚರು. ಅದಕ್ಕೆ ಡಾಕ್ಟರ್ ಚೀಟಿ ಯಾಕೆ?"

ಹಣ್ಣಿನ ಬುಟ್ಟಿ ಇಟ್ಟಲ್ಲೇ ಇತ್ತು. ಅವನು ಕಾಫಿ ಕುಡಿಯದೆ ಎದ್ದು ಹೋದ.

ಎರಡು ತಿಂಗಳು ಅವನು ಬರಲಿಲ್ಲ. ಫೋನೂ ಇಲ್ಲ. ನನ್ನ ಗಂಡ ಮಧ್ಯೆ ಹೋಗಿ ಮಾತಾಡಿ ಬಂದರು, ಪ್ರಯೋಜನವಾಗಲಿಲ್ಲ. ಕೆಲಸವನ್ನೂ ಬಿಟ್ಟೆ. ಮೇಸ್ತ್ರಿ ಏನೂ ಹೇಳಿರಲಿಲ್ಲ, ಆದರೆ ನನ್ನ ಮೊರವನ್ನು ನಾನು ಎದ್ದ ಮೇಲೆ ಇನ್ನೊಬ್ಬಳು ತೆಗೆದುಕೊಂಡು ಅಂಚು ಆರಿಸುತ್ತಾಳೆ ಎಂದು ತಿಳಿಯಿತು. ಅದನ್ನು ಸಹಿಸುವುದು ನನ್ನಿಂದಾಗಲಿಲ್ಲ. ಮನೆಯಲ್ಲಿ ಕೂತು ದಪ್ಪ ಪೆನ್ನಿನಲ್ಲಿ ಬರೆಯುವುದು ರೂಢಿ ಮಾಡಿಕೊಂಡೆ. ಶಾಲೆಯಲ್ಲಿ ಕಲಿತದ್ದು ತಮಿಳು. ನನ್ನ ಗಂಡನ ವ್ಯಾಪಾರಕ್ಕೆಂದು ನಾವು ಮೈಸೂರಿನಲ್ಲಿದ್ದ ಮೂರು ವರ್ಷದಲ್ಲಿ ಪಕ್ಕದ ಮನೆಯ ಹುಡುಗಿಯರ ಜೊತೆ ಕೂತು ಕಲಿತ ಕನ್ನಡ ಅಕ್ಷರಗಳು ಇವು. ಪುಟಕ್ಕೆ ಎಂಟು ಸಾಲು ಹಿಡಿಯುತ್ತದೆ.

ಕೊನೆಗೆ ಪರೀಕ್ಷೆಗೆ ಒಪ್ಪಿದ್ದು ಕಾರ್ತಿ. ಅಪ್ಪನಿಗೆ ಹೇಳಿಯೇ ಬಂದ. ಮಲ್ಲಯ್ಯನೂ ಜೊತೆಗೆ ಬಂದು ಆಸ್ಪತ್ರೆಯ ಬೆಂಚಿನಲ್ಲಿ ದೂರ ಕೂತ. "ಏನೂ ಇಲ್ಲ ಅಂತ ಬರುತ್ತೆ. ಬಂದ ಮೇಲೆ ನೀನು ಈ ಮಾತು ಎತ್ತಬಾರದು," ಎಂದ ನನಗೆ. ಸರಿ ಎಂದೆ. ದೇವರಾಣೆ, ಅವನ ಮಾತೇ ನಿಜವಾಗಲಿ ಎಂದು ಬೇಡಿಕೊಂಡೆ. ಆ ಮಕ್ಕಳಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಆಸೆ ಇತ್ತು. ಅದು ಮುರೆಗಾಗಿ ಒಪ್ಪಿದ ಮದುವೆ ಆಗಿರಲಿಲ್ಲ.

ಮೊದಲು ನನ್ನ ರಕ್ತ, ಆಮೇಲೆ ಅವರಿಬ್ಬರದು. ವಾರಗಟ್ಟಲೆ ಕಾದೆವು. ರಿಪೋರ್ಟ್ ಬಂತೆಂದು ಕರೆದ ದಿನ ನಾವು ನಾಲ್ವರೂ ದಿಂಡಿಗಲ್‌ಗೆ ಹೋದೆವು.

ಕಾರ್ತಿಯಲ್ಲೂ ಇತ್ತು.

ಮದುವೆಯಾಗಬಾರದು ಎಂದೇನೂ ಇಲ್ಲ ಎಂದರು ಡಾಕ್ಟರಮ್ಮ. ಬಸಿರಿನಲ್ಲೇ ನೋಡುವ ಪರೀಕ್ಷೆಗಳಿವೆ, ಯೋಚಿಸಿ ನೀವೇ ತೀರ್ಮಾನ ಮಾಡಿ. ನನಗೆ ಮದ್ದಿಲ್ಲ, ಆದರೆ ನಡುವಿನ ನೋಟ ಇನ್ನೂ ಹಲವು ವರ್ಷ ಉಳಿಯಬಹುದು ಎಂದೂ ಹೇಳಿದರು. ಹೊರಗೆ ಬಂದ ಮೇಲೆ ಕಾರ್ತಿ, "ನಂಗೆ ಪರವಾಗಿಲ್ಲ ಅತ್ತೆ," ಎಂದ. ಸೆಲ್ವಿ ಅವನ ಮುಖ ನೋಡಲಿಲ್ಲ.

"ನನ್ನಿಂದಾಗಲ್ಲ ಕಾರ್ತಿ. ದಿನಾ ಸಾಯಂಕಾಲ ಮಗೂನ ಹೊರಗೆ ಬಿಟ್ಟು ಎಡವುತ್ತಾ ಅಂತ ನೋಡ್ತಾ ಕೂರಕ್ಕೆ ಆಗಲ್ಲ."

ಅಷ್ಟೇ. ನಾಲ್ಕಾರು ತಿಂಗಳಿಂದ ಎಳೆದಾಡಿದ್ದು ಅಷ್ಟರಲ್ಲಿ ಮುಗಿಯಿತು. ಕಾರ್ತಿ ಅಲ್ಲಿಂದಲೇ ಬೇರೆ ಬಸ್ಸಿಗೆ ಹೋದ. ಸೆಲ್ವಿ ತೇನಿಯಲ್ಲಿ ಇಳಿದುಕೊಂಡಳು, ಗೆಳತಿಯ ರೂಮಿನಲ್ಲಿ ಇರುತ್ತೇನೆ ಎಂದಳು. ತಡೆಯುವ ಧೈರ್ಯ ನನಗೆ ಬರಲಿಲ್ಲ. ಉಳಿದವರು ನಾನು, ನನ್ನ ತಮ್ಮ. ಅಕ್ಕನನ್ನು ಒಂಟಿಯಾಗಿ ಬಿಡಲಾಗದೆ ಬಂದಿದ್ದ, ಮುಂದಿನ ಸೀಟಿನಲ್ಲಿ ಬೆನ್ನು ಹಾಕಿ ಕೂತಿದ್ದ.

ತೇವಾರಂನಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗಿತ್ತು. ಮನೆ ಮನೆಯಲ್ಲೂ ದೀಪ ಹಚ್ಚಿ ಆಗಿತ್ತು. ನನಗೆ ಕಂಡದ್ದು ಅಂಗಡಿಯ ಒಂದು ಬಲ್ಬು, ಅದರ ಸುತ್ತ ಏನೂ ಇಲ್ಲ. ನಮ್ಮ ಮನೆಯ ಹೆಂಗಸು ಈ ಹೊತ್ತಿನಲ್ಲಿ ಬೀದಿಯಲ್ಲಿ ನಿಂತದ್ದು ಅದೇ ಮೊದಲು. ಕಾಲು ಕಿತ್ತಿಡಲು ಆಗಲಿಲ್ಲ.

ಮಲ್ಲಯ್ಯ ನಾಲ್ಕು ಹೆಜ್ಜೆ ಹೋಗಿದ್ದವನು ನಿಂತ ಸದ್ದು ಕೇಳಿಸಿತು. ಹಿಂದಕ್ಕೆ ಬಂದ. ನನ್ನ ಕೈ ಹಿಡಿದುಕೊಂಡ. ನಾನು ಬಿಗಿಯಾಗಿ ಹಿಡಿದೆ.

ಕಾಲುವೆಯ ತಿರುವು ದಾಟಿದೆವು. ಆಮೇಲೆ ಹೇಳಿದ.

"ಸಂತೆಗೆ ಹೋದ್ರೆ ಅವ್ವ ನನ್ನ ಮಾತ್ರ ಕರ್ಕೊಂಡು ಹೋಗ್ತಿದ್ಳು. ಬರುವಾಗ ಬಿಸಿಲು ಇಳಿದ್ರೆ ಸಾಕು, ಹಿಂಗೇ ಹಿಡ್ಕೊಳ್ಳೋಳು. ಕೈ ನೋಯ್ತದೆ ಅಂದ್ರೂ ಬಿಡ್ತಿರಲಿಲ್ಲ." ಸ್ವಲ್ಪ ದೂರ ನಡೆದ. "ನಾನು ಮುದ್ದಿನ ಮಗ ಅನ್ಕೊಂಡಿದ್ದೆ ಅಕ್ಕಾ."

"ಮುದ್ದಿನ ಮಗನೇ ಕಣೋ," ಎಂದೆ.

ಅವನು ಅಳುತ್ತಿದ್ದನೋ ಇಲ್ಲವೋ, ನನಗೆ ಕಾಣಲಿಲ್ಲ. ಮುಂದೆ ಕಲ್ಲಿದೆ ಎಂದ, ಕಾಲೆತ್ತಿ ಇಟ್ಟೆ. ಇಲ್ಲಿ ಹಳ್ಳ ಎಂದ, ಬಲಕ್ಕೆ ಸರಿದೆ. ಹಾಗೆ ಹೇಳಿಸಿಕೊಳ್ಳುತ್ತಲೇ ಮನೆಯವರೆಗೂ ಬಂದೆ.