ಯಾರು ಎಂದು ಕೇಳದ ಮನೆ

ಕರ್ಜಗಿಯ ಕಮ್ಮಾರ ಹೊಳಿಯಪ್ಪನ ಮನೆ ಬಾಗಿಲಿಗೆ ಯಾರೇ ಬಂದು ನಿಂತರೂ ಒಳಗಿನಿಂದ ‘ಯಾರು?’ ಎಂಬ ಮಾತು ಬರುತ್ತಿರಲಿಲ್ಲ. ‘ಬರ್ರಿ, ಕುಂದ್ರಿ’ ಎಂದೇ ಬರುತ್ತಿತ್ತು. ಆಮೇಲೆ ನೀರು, ಬೆಲ್ಲ. ಬಂದವರು ತಾವಾಗಿ ಹೆಸರು ಹೇಳಿದರೆ ಹೇಳಿದರು, ಇಲ್ಲದಿದ್ದರೆ ಇಲ್ಲ. ಒಮ್ಮೆ ಬ್ಯಾಡಗಿ ಕಡೆಯ ಹಿರಿಯರೊಬ್ಬರು ಮದುವೆ ಮನೆ ಹುಡುಕುತ್ತ ದಾರಿ ತಪ್ಪಿ ಇಲ್ಲಿ ಹೊಕ್ಕರು. ಎರಡು ಹೊತ್ತು ಉಂಡು, ಕಟ್ಟೆಯ ಮೇಲೆ ಒಂದು ನಿದ್ದೆಯನ್ನೂ ತೆಗೆದು, ಮದುಮಕ್ಕಳಿಗೆ ಅಕ್ಕಿಕಾಳು ಹಾಕುವುದು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಾಗಲೇ ಹೊಳಿಯಪ್ಪನ ಹೆಂಡತಿ ಬಸವಣ್ಣೆವ್ವನಿಗೆ ಸಂಗತಿ ತಿಳಿದದ್ದು. ಊರು ತಿಂಗಳುಗಟ್ಟಲೆ ನಕ್ಕಿತು. ಹೊಳಿಯಪ್ಪ ಮಾತ್ರ ನಗಲಿಲ್ಲ. ‘ಯಾರು’ ಎಂಬ ಮಾತನ್ನು ಯಾಕೆ ಆಡಬಾರದು ಎಂದು ಅವನ ಅಜ್ಜಿ ಮಂಗಳವ್ವ ಅವನಿಗೆ ಎಂಟು ವರ್ಷವಾಗಿದ್ದಾಗಲೇ ಹೇಳಿದ್ದಳು. ಅಂದಿನಿಂದ ಅದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಕಾಗದಪತ್ರಗಳೇನಿದ್ದರೂ ದೊಡ್ಡವರ ವಾಡೆಗಳಲ್ಲಷ್ಟೇ ಇದ್ದ ಕಾಲದಲ್ಲಿ ಈ ಮನೆತನದ ಆಸ್ತಿ ಅಡಿಗಲ್ಲಿನ ಸಂಗಡ ಹೋಗುತ್ತಿತ್ತು. ಕಾದ ಕಬ್ಬಿಣ ಇಟ್ಟು ಬಡಿಯುವ ಆ ಅಡಿಗಲ್ಲು ಯಾರದೋ, ಕುಲುಮೆ ಅವನದು, ಮನೆ ಅವನದು. ಊರಿನ ಕುಡಗೋಲು, ಕುಂಟೆಗಳನ್ನು ಹದ ಮಾಡಿಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಬರುವ ಆಯದ ಕಾಳು ಅವನದು. ಊರು ಉಂಬಳಿ ಬಿಟ್ಟ ನಾಲ್ಕೆಕರೆ ಎರೆಹೊಲವೂ ಅವನದೇ. ತಂದೆ ಸತ್ತ ದಿನ ಕುಲುಮೆ ಆರಿಸುತ್ತಿದ್ದರು. ಹದಿಮೂರನೆಯ ದಿನ ಐದು ಮಂದಿ ಹಿರಿಯರ ಎದುರು ಹಿರಿಯ ಮಗ ಬಾಗಿಲು ದಾಟಿ ಬಂದು, ಬರಿದಾದ ಅಡಿಗಲ್ಲಿಗೆ ಮೂರು ಪೆಟ್ಟು ಹಾಕಬೇಕು. ಹಿರಿಯರು ‘ಕೇಳಿಸ್ತು’ ಎನ್ನಬೇಕು. ಅಷ್ಟೇ ದಾಖಲೆ. ತಮ್ಮಂದಿರು ಅಣ್ಣನ ಕೈಕೆಳಗೆ ದುಡಿಯಬೇಕು, ಇಲ್ಲವೇ ಕಮ್ಮಾರನಿಲ್ಲದ ಊರು ಹುಡುಕಿಕೊಂಡು ಹೋಗಬೇಕು.

ಹೊಳಿಯಪ್ಪನ ಮುತ್ತಜ್ಜ ಕಾಳಪ್ಪ ಕಿರಿಯ ಮಗ. ಅಣ್ಣ ಮೈಲಾರಲಿಂಗ ಕುದುರೆಗಳಿಗೆ ಲಾಳ ಕಟ್ಟಲೆಂದು ದಂಡಿನ ಬೆನ್ನು ಹತ್ತಿ ಹೋದವನು ಒಂಬತ್ತು ವರ್ಷ ಬರಲಿಲ್ಲ. ಅಷ್ಟರಲ್ಲಿ ತಂದೆ ತೀರಿಕೊಂಡ. ಅಣ್ಣ ಸತ್ತಿದ್ದಾನೆಂದು ಹಿರಿಯರಿಗೆ ಹೇಳಿ ಕಾಳಪ್ಪನೇ ಮೂರು ಪೆಟ್ಟು ಹಾಕಿದ. ಮರುವರ್ಷ ಒಂದು ಮಟಮಟ ಮಧ್ಯಾಹ್ನ ಬಾಗಿಲಲ್ಲಿ ಬಡಕಲು ಮನುಷ್ಯನೊಬ್ಬ ಬಂದು ನಿಂತ. ಗುರುತು ಸಿಗದಷ್ಟು ಸೊರಗಿದ್ದನಂತೆ ಎಂದು ಊರವರು ಕಾಳಪ್ಪನ ಪರ ವಹಿಸುವುದುಂಟು. ಶುದ್ಧ ಸುಳ್ಳು! ಒಂದೇ ಗಂಗಾಳದಲ್ಲಿ ಉಂಡು ಬೆಳೆದವನ ಮುಖ ಯಾರಿಗೆ ಮರೆಯುತ್ತದೆ? ಕಾಳಪ್ಪ ಅಡಿಗಲ್ಲಿನ ಮೇಲೆ ಕೈಯೂರಿಕೊಂಡು, ಅಣ್ಣನ ಮುಖವನ್ನೇ ನೋಡುತ್ತ ‘ಯಾರು ನೀನು?’ ಎಂದು ಕೇಳಿದ. ಅಣ್ಣ ಮೂರು ದಿನ ಹೊಸ್ತಿಲ ಹೊರಗೆ ಕೂತ, ನೀರನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಎದ್ದ.

“ಸುಳ್ಳ ಕೇಳಿದಿ ತಮ್ಮಾ. ಈ ಮನಿಯಾಗ ಅದನ್ನ ಖರೇನ ಕೇಳೂ ಕಾಲ ಬರತೈತಿ.”

ಹಾಗೆಂದು ವರದಾ ಹೊಳೆಯ ಕಡೆ ನಡೆದವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಕಾಲ ಬಂತು. ಕಾಳಪ್ಪ ಮುದುಕನಾಗಿ, ಉಣ್ಣಲು ಇಟ್ಟ ಸೊಸೆ ಮಂಗಳವ್ವನನ್ನು ಯಾರು ನೀನು ಎಂದು ಕೇಳಿದ. ಮುಂದೆ ಅವಳ ಗಂಡ ಕೇಳಿದ. ಆಮೇಲೆ ಹೊಳಿಯಪ್ಪನ ಅಪ್ಪ, ಬೆನ್ನು ಉಜ್ಜುತ್ತಿದ್ದ ಹೊಳಿಯಪ್ಪನ ಕಡೆಗೇ ತಿರುಗಿ ಕೇಳಿದ. ಹೊಲ ಬಂದಂತೆ, ಆಯ ಬಂದಂತೆ, ಇದೂ ತಲೆಯಿಂದ ತಲೆಗೆ ಇಳಿದು ಬಂದಿತ್ತು. ಹಾವೇರಿಯ ಡಾಕ್ಟರು ಅದು ವಯಸ್ಸಿನ ಕಾಯಿಲೆ ಎಂದರು. ಹೊಳಿಯಪ್ಪ ತಲೆಯಾಡಿಸಿದನೇ ಹೊರತು ಒಪ್ಪಲಿಲ್ಲ. ತಾನು ಮಾತ್ರ ಸಾಯುವತನಕ ಆ ಮಾತು ಆಡಬಾರದು ಎಂಬುದೊಂದೇ ಅವನ ಹಟ.

ಎರಡು ಸಾವಿರದ ಆರರ ಹೊತ್ತಿಗೆ ಅವನಿಗೆ ಅರವತ್ತೆಂಟಾಗಿತ್ತು. ಆಯದ ಕಾಳು ಯಾವಾಗಲೋ ನಿಂತಿತ್ತು. ಉಂಬಳಿ ಹೋಗಿ ಹೊಲ ಅವನ ಹೆಸರಿಗೇ ಆಗಿತ್ತು. ಮಕ್ಕಳೆಂದರೆ ಮಗಳು ರೋಹಿಣಿ ಒಬ್ಬಳೇ, ಹಲಗೇರಿಯ ಕಮ್ಮಾರರ ಮನೆಗೆ ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಅವಳು ಅಪ್ಪನ ಸುತ್ತಿಗೆ ಕಸಿದುಕೊಂಡು ಅಡಿಗಲ್ಲು ಬಡಿಯುತ್ತಿದ್ದಳು. ಎರಡು ಪೆಟ್ಟು ಗಟ್ಟಿ, ಮೂರನೆಯದು ಮೆತ್ತಗೆ, ಕೂಸಿನ ಬೆನ್ನು ತಟ್ಟಿದ ಹಾಗೆ. ಕಲ್ಲಿಗೆ ನೋವಾಗುತ್ತದೆ ಎನ್ನುತ್ತಿದ್ದಳು. ಹೊಳಿಯಪ್ಪ ಎಷ್ಟು ಬೈದರೂ ಆ ಚಾಳಿ ಬಿಡಲಿಲ್ಲ. ಈಗ ಅವಳೂ ಅಳಿಯನೂ ಕರ್ಜಗಿಗೇ ಬಂದು ಕುಲುಮೆ ನಡೆಸುವುದೆಂದು ಮಾತಾಗಿತ್ತು. ಆಸ್ತಿಗೆ ಅವಳ ಹೆಸರಿನಲ್ಲಿ ಕಾಗದವೂ ಆಗಿತ್ತು. ಆದರೆ ಹೊಳಿಯಪ್ಪನಿಗೆ ಅಷ್ಟು ಸಾಲದು. ತಾನು ಬದುಕಿರುವಾಗಲೇ ಮಗಳು ಬಾಗಿಲು ದಾಟಿ ಬರಬೇಕು, ತಾನು ಐದು ಮಂದಿಯ ಎದುರು ಇವಳು ನನ್ನ ಮಗಳು ಎನ್ನಬೇಕು, ಅವಳು ಮೂರು ಪೆಟ್ಟು ಹಾಕಬೇಕು. ತನ್ನವರನ್ನು ತನ್ನವರೆನ್ನುವ, ಮುತ್ತಜ್ಜ ಆಡದೆ ನುಂಗಿದ ಮಾತನ್ನು ತಾನು ಆಡಿಬಿಟ್ಟರೆ ಮೈಲಾರಲಿಂಗನ ಶಾಪ ಇಲ್ಲಿಗೆ ತೀರುತ್ತದೆ ಎಂದು ಅವನ ಎಣಿಕೆ.

ಹೊತ್ತು ಕಡಿಮೆ ಇತ್ತು, ಅದು ಅವನಿಗೆ ಗೊತ್ತಿತ್ತು. ಇಕ್ಕಳ ಎಲ್ಲಿಟ್ಟೆ ಎಂಬುದು ಮೊದಲು ಮರೆಯಿತು, ಮನೆಯ ದಾರಿ ಆಮೇಲೆ. ಹೆಂಡತಿಯ ಹೆಸರು ನಾಲಿಗೆಗೆ ಬಾರದಾದಾಗ ‘ಏ, ಇಲ್ನೋಡು’ ಎಂದು ನಿಭಾಯಿಸಿದ. ಬಸವಣ್ಣೆವ್ವ ಅದನ್ನು ಗಮನಿಸಿ ಹಿತ್ತಲಿಗೆ ಹೋಗಿ ಅತ್ತಳು. ದಿನಾ ಬೆಳಿಗ್ಗೆ ಕುಲುಮೆಯ ಮುಂದೆ ಕೂತು ‘ರೋಹಿಣಿ, ನನ್ನ ಮಗಳು’ ಎಂದು ಮೆಲ್ಲಗೆ ಪಾಠ ಒಪ್ಪಿಸುತ್ತಿದ್ದ. ಮಧ್ಯಾಹ್ನವಾದರೆ ಬಾಗಿಲಾಚೆ ಯಾರೋ ಕೂತಿದ್ದಾರೆ ಎನಿಸುತ್ತಿತ್ತು. ನೀರಿನ ತಂಬಿಗೆ ಒಯ್ದು ಹೊಸ್ತಿಲ ಹೊರಗೆ ಇಟ್ಟು ಬರುತ್ತಿದ್ದ. ಸಂಜೆಗೆ ತಂಬಿಗೆ ತುಂಬಿದ್ದು ತುಂಬಿದ ಹಾಗೆಯೇ ಇರುತ್ತಿತ್ತು.

ಗೊತ್ತು ಮಾಡಿದ ದಿನ ಪ್ರಭುಲಿಂಗಪ್ಪ, ಶಮಶೇರಸಾಬ ಮತ್ತು ಇನ್ನು ಮೂವರು ಹಿರಿಯರು ಬಂದು ಕೂತರು. ರೋಹಿಣಿ ಬರಬೇಕಿದ್ದ ರಾಣೆಬೆನ್ನೂರಿನ ಬಸ್ಸು ತಡವಾಗಿತ್ತು. ಹೊಳಿಯಪ್ಪ ತಲೆಗೆ ಹೊಸ ಪಟಗಾ ಸುತ್ತಿ ಅಡಿಗಲ್ಲಿನ ಪಕ್ಕದಲ್ಲಿ ಕೂತು ದಾರಿಯನ್ನೇ ನೋಡುತ್ತಿದ್ದ. ಮಟಮಟ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹಸಿರು ಸೀರೆ, ಕೈಯಲ್ಲಿ ಚೀಲ, ಮುಖದಲ್ಲಿ ನಗು. ಹೊಳಿಯಪ್ಪ ಆ ಮುಖವನ್ನು ನೋಡಿದ. ಇನ್ನೊಮ್ಮೆ ನೋಡಿದ. ನಾಲಿಗೆಯ ತುದಿಗೆ ಒಂದು ಮಾತು ಬಂತು. ಅದು ಯಾವ ಮಾತೆಂದು ಅವನಿಗೆ ತಿಳಿಯಿತು, ಹಲ್ಲು ಕಚ್ಚಿದ, ಬೆವರಿದ, ನುಂಗಿದ.

“ಬರ್ರಿ, ಕುಂದ್ರಿ,” ಎಂದ.

ಹುಟ್ಟಿದಂದಿನಿಂದ ‘ಬಾರವ್ವಾ’ ಎಂದೇ ಕರೆದ ಅಪ್ಪನ ಬಾಯಲ್ಲಿ ಆ ‘ರಿ’ ಕೇಳಿ ರೋಹಿಣಿಯ ನಗು ನಿಂತಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವಣ್ಣೆವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಹೊಳಿಯಪ್ಪನೋ, ಬಂದವಳ ಹೆಗಲಿನಾಚೆ ದಾರಿಯನ್ನೇ ನೋಡುತ್ತಿದ್ದ.

ರೋಹಿಣಿ ಚೀಲ ಕೆಳಗಿಟ್ಟಳು. ಯಾರನ್ನೂ ಕೇಳದೆ ಸುತ್ತಿಗೆ ಎತ್ತಿಕೊಂಡಳು. ಎರಡು ಪೆಟ್ಟು ಗಟ್ಟಿಯಾಗಿ ಬಿದ್ದವು. ಮೂರನೆಯದು ಮೆತ್ತಗೆ.

ಹೊಳಿಯಪ್ಪ ಕಣ್ಣು ಮುಚ್ಚಿದ. ಮುಖ ಬೆಳಗಿತು.

“ಕೇಳಿಸ್ತು,” ಎಂದ, ಐದೂ ಮಂದಿಗಿಂತ ಮೊದಲು. “ನನ್ನ ರೋಹಿಣಿ ಹೊಡದಾಳ. ನನ್ನ ಮಗಳು. ಎಲ್ಲಾ ಆಕೀದು.”

ಹಿರಿಯರು ತಡೆತಡೆದು ಕೇಳಿಸಿತು ಎಂದರು. ಹೊಳಿಯಪ್ಪ ಕಣ್ಣು ತೆರೆದ, ಎದುರು ನಿಂತ ಹಸಿರು ಸೀರೆಯವಳ ಕಡೆ ಬಾಗಿದ, ಹಿರಿಯರಿಗೆ ಕೇಳದಂತೆ ದನಿ ತಗ್ಗಿಸಿದ.

“ಆಕಿ ಈಗ ಬಾಗಲಕ್ಕ ಬರತಾಳ್ರಿ. ನನಗ ಈಗೀಗ ನೆಪ್ಪ ಹಾರತೈತಿ. ನಾ ಆಕೀನ ಯಾರು ಅಂತ ಕೇಳಾಕ ಹೋದ್ರ, ನೀವರೇ ನನ್ನ ಬಾಯಿ ಮುಚ್ಚರಿ.”

“ಹೂನ್ರಿ,” ಎಂದಳು ರೋಹಿಣಿ, ಮತ್ತು ಅವನ ಪಕ್ಕದಲ್ಲಿ ಕೂತು ತಾನೂ ದಾರಿ ನೋಡತೊಡಗಿದಳು.