ಅವ್ವನ ಬಳೆಯ ಸಪ್ಪಳ

ಇಳಕಲ್ಲಿನಲ್ಲಿ ಯಾರು ಹೊಸ ಸ್ಪೀಕರ್ ಬಾಕ್ಸು ಕೊಳ್ಳಬೇಕೆಂದರೂ ಮೊದಲು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಮೂವತ್ತು ವರ್ಷ ಮದುವೆಗೆ, ಭಜನೆಗೆ, ಭಾಷಣಕ್ಕೆ ಸೌಂಡ್ ಸಿಸ್ಟಮ್ ಹಾಕಿದವನು ನಾನು. "ಅವರಿಗೊಮ್ಮಿ ಕೇಳಸ್ರಿ, ಆಮ್ಯಾಲ ತಗೋರಿ" ಎಂದು ಊರೆಲ್ಲ ಹೇಳುವಾಗ ನನಗೂ ಕೋಡು ಮೂಡಿತ್ತು. ಬಾಕ್ಸಿನ ಜೊತೆ ಬರುವ ಕಾಗದವನ್ನು ನಾನು ಓದಿದವನೇ ಅಲ್ಲ. ಓದುವವರನ್ನು ಕಂಡರೆ ನಗುತ್ತಿದ್ದೆ.

ನನ್ನ ಪರೀಕ್ಷೆ ಒಂದೇ. ಅಂಗಿಯ ಜೇಬಿನಲ್ಲಿ ಒಂದು ಪೆನ್ ಡ್ರೈವ್, ಅದರಲ್ಲಿ ನಮ್ಮವ್ವ ಹಾಡಿದ ಒಂದು ಬೀಸುವ ಪದ. ಗುಳೇದಗುಡ್ಡದ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂದ ಹೊಸದರಲ್ಲಿ ನಾನೇ ಕ್ಯಾಸೆಟ್ಟಿಗೆ ತುಂಬಿಕೊಂಡದ್ದು, ಆಮೇಲೆ ಪೆನ್ ಡ್ರೈವಿಗೆ ಇಳಿಸಿದ್ದು. ಬೀಸುಕಲ್ಲಿನ ಗುರುಗುರು, ಅವ್ವನ ದನಿ, ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಅವಳ ಹಸಿರು ಗಾಜಿನ ಬಳೆಗಳ ಸಪ್ಪಳ. ಕೆಟ್ಟ ಬಾಕ್ಸಿನಲ್ಲಿ ಆ ಬಳೆಗಳು ಕಲ್ಲಿನ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಒಳ್ಳೆಯದರಲ್ಲಿ ಒಂದೊಂದು ಬಳೆಯೂ ಬೇರೆಬೇರೆ ಕೇಳಬೇಕು.

ಹೋದ ವರ್ಷದಿಂದ ಬಳೆಗಳು ಹೊರಗೆ ಎಲ್ಲಿಯೂ ಕೇಳಿಸುತ್ತಿರಲಿಲ್ಲ. ಬಾಗಲಕೋಟೆಯ ದೊಡ್ಡ ಅಂಗಡಿಯಲ್ಲಿ ಕೇಳಲಿಲ್ಲ, ಬಾದಾಮಿಯ ಒಂದು ಹೋಟೆಲಿಗೆ ತರಿಸಿದ ಹೊಸ ಮಾಲಿನಲ್ಲೂ ಕೇಳಲಿಲ್ಲ. "ಈಗಿನ ಮಾಲು ಕೆಟ್ಟೈತ್ರಿ" ಎಂದು ಎದ್ದುಬಿಡುತ್ತಿದ್ದೆ. ಜನ ನಂಬಿದರು. ಒಳಗೊಳಗೆ ಮಾತ್ರ ನನಗೆ ಪುಕುಪುಕು ಅನ್ನುತ್ತಿತ್ತು. ಮನೆಗೆ ಬಂದವನೇ ನನ್ನ ಹಳೇ ಬಾಕ್ಸಿಗೆ ಪೆನ್ ಡ್ರೈವ್ ಹಾಕುತ್ತಿದ್ದೆ. ಅಲ್ಲಿ ಬಳೆಗಳು ಸ್ವಚ್ಛವಾಗಿ ಕೇಳುತ್ತಿದ್ದವು. ಹಂಗಾದರೆ ಕಿವಿ ಸರಿಯಿದೆ ಎಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಕೂಡುತ್ತಿದ್ದೆ.

ಹುನಗುಂದದಲ್ಲಿ ವಚನ ಹಾಡಲು ಒಂದು ಪ್ರಾರ್ಥನಾ ಮಂದಿರ ಕಟ್ಟಿದ್ದರು. ಅದರ ಹಿರಿಯರು, ನಿವೃತ್ತ ಮಾಸ್ತರರೊಬ್ಬರು, ಒಂದು ಮಧ್ಯಾಹ್ನ ಹೊಸ ಬಾಕ್ಸುಗಳನ್ನು ಗಾಡಿಯಲ್ಲಿ ಹಾಕಿಕೊಂಡು ನಮ್ಮ ಮನೆಗೇ ಬಂದರು. "ನಮ್ಮಲ್ಲಿ ಬರೂವ್ರೆಲ್ಲಾ ವಯಸ್ಸಾದವ್ರು. ಅವ್ರಿಗಿ ಮಾತು ಬಿಡಿಬಿಡಿಯಾಗಿ ಕೇಳಬೇಕು. ನೀವು ಹೂಂ ಅಂದ್ರ ಇಟ್ಕೋತೇವಿ, ಒಲ್ಲೆ ಅಂದ್ರ ಇವತ್ತ ಹೊಳ್ಳಿ ಕಳಸ್ತೇವಿ" ಎಂದರು.

ಹಚ್ಚಿದೆ. ಕಲ್ಲು ಕೇಳಿತು, ಅವ್ವನ ದನಿ ಕೇಳಿತು, ಬಳೆ ಇಲ್ಲ. ಒಲ್ಲೆ ಎಂದೆ. ಮಾಸ್ತರರ ಮುಖ ಸಣ್ಣದಾಯಿತು. ಅವರಿಗೆ ತಿಳಿಯಲೆಂದು ನನ್ನ ಹಳೇ ಬಾಕ್ಸಿಗೆ ಅದೇ ಪದ ಹಾಕಿ, "ಈಗ ಕೇಳ್ರಿ ಸರ, ಬಳಿ ಹೆಂಗ ಮಾತಾಡ್ತಾವು" ಎಂದೆ. ಅವರು ಹೌದೆಂದು ತಲೆ ಅಲ್ಲಾಡಿಸಿದರು. ನಾನು ಏನು ಹೇಳಿದ್ದರೂ ಅಲ್ಲಾಡಿಸುತ್ತಿದ್ದರು.

ನನ್ನ ಸೊಸೆ ಚಹಾ ತಂದಿದ್ದಳು. ಗುಡೂರಿನ ಒಕ್ಕಲು ಮನೆಯವಳು, ನಮ್ಮ ಮನೆಗೆ ಬಂದು ಮೂರು ವರ್ಷ. ಕಪ್ಪು ಇಟ್ಟು ಅಲ್ಲೇ ನಿಂತಳು.

"ಮಾವಾರ, ಸಿಟ್ಟಾಗಬ್ಯಾಡ್ರಿ. ಬಳಿ ಸಪ್ಪಳ ಇದರಾಗಿಲ್ಲ. ಆ ಹೊಸಾದ್ರಾಗ ಇತ್ತು."

ಸಿಟ್ಟು ಬಂದೇ ಬಂತು. "ನೀ ಹುಟ್ಟೂದಕ್ಕ ಮೊದಲಿಂದ ಕೇಳಾಕತ್ತೇನಿ" ಎಂದು ಗದರಿದೆ.

"ಖರೆ ಐತ್ರಿ. ಆದ್ರ ನಾ ಈ ಮನಿಗೆ ಬಂದಾಗಿಂದ ಈ ಪದ ದಿನಾ ಕೇಳೇನಿ. ಇದರಾಗ ಬಳಿ ಅದಾವಂತ ನನಗ ಇವತ್ತ ಗೊತ್ತಾತು."

ಅವಳದು ತಪ್ಪು ಎಂದು ತೋರಿಸಲು ಸ್ಕ್ರೂಡ್ರೈವರ್ ತಂದು ಹಳೇ ಬಾಕ್ಸಿನ ಬೆನ್ನು ಬಿಚ್ಚಿದೆ. ಮೇಲಿನ ಸಣ್ಣ ಸ್ಪೀಕರಿಗೆ ನಾವು ಟ್ವೀಟರ್ ಅನ್ನುತ್ತೇವೆ. ಬಳೆಯಂಥ ಸಣ್ಣ ಸದ್ದುಗಳೆಲ್ಲ ಅದರಿಂದಲೇ ಬರಬೇಕು. ಅದರ ವೈರನ್ನು ಇಲಿ ಕಡಿದಿತ್ತು. ಕಡಿದ ತುದಿ ಕಪ್ಪಾಗಿ, ಮೇಲೆ ಧೂಳು ಕೂತು ಎಷ್ಟೋ ವರ್ಷವಾಗಿತ್ತು.

ಸತ್ತ ಸ್ಪೀಕರಿನಿಂದ ನಾನು ದಿನಾ ಬಳೆಯ ಸಪ್ಪಳ ಕೇಳಿದ್ದೆ. ಕಲ್ಲಿನ ಯಾವ ಸುತ್ತಿನಲ್ಲಿ ಬಳೆ ಎಲ್ಲಿ ಬರಬೇಕೆಂದು ಬಾಯಿಪಾಠವಿತ್ತು, ಮನಸ್ಸೇ ಅಲ್ಲಲ್ಲಿ ತಂದು ಇಡುತ್ತಿತ್ತು. ಮೂವತ್ತು ವರ್ಷ ಆಳೆತ್ತರದ ಬಾಕ್ಸುಗಳ ಮಗ್ಗುಲಲ್ಲಿ ನಿಂತದ್ದನ್ನು ಅನುಭವ ಎಂದುಕೊಂಡಿದ್ದೆ. ಅಷ್ಟೂ ವರ್ಷ ಅದು ನನ್ನ ಕಿವಿಯನ್ನು ತಿನ್ನುತ್ತಿತ್ತು. ತಿಂದ ಜಾಗ ನನಗೇ ಕಾಣದಂತೆ ನೆನಪು ತುಂಬಿಕೊಡುತ್ತಿತ್ತು. ನಾಳೆ ಜನರ ಮಾತೂ ಹೀಗೇ ಆದರೆ? ಅವರು ಒಂದು ಹೇಳಿ, ನಾನು ಇನ್ನೊಂದು ಕೇಳಿ, ಕೇಳಿದೆನೆಂದು ತಲೆ ಅಲ್ಲಾಡಿಸಿದರೆ? ಅಷ್ಟು ಭಯ ನನಗೆ ಅದುವರೆಗೂ ಆಗಿರಲಿಲ್ಲ.

"ಏನಂತೀರಿ? ಹೊಳ್ಳಿ ಕಳಸೂದಾ?" ಎಂದರು ಮಾಸ್ತರರು. ಅವರಿಗೆ ಏನೂ ತಿಳಿದಿರಲಿಲ್ಲ. ಬೆನ್ನು ಮುಚ್ಚಿ, ಇದರಲ್ಲಿ ಎಲ್ಲ ಸರಿಯಿದೆ ಎಂದರೆ ಮುಗಿಯುತ್ತಿತ್ತು. ಸೊಸೆಯೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಹೆಸರು ಉಳಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಸರ, ನನ್ನ ಕಿವಿ ಹೋಗೈತ್ರಿ" ಎಂದೆ. "ಈಕಿಗಿ ಕೇಳ್ರಿ."

"ನನಗೇನ ತಿಳಿತದ್ರಿ ಮಾವಾರ" ಎಂದು ಸೊಸೆ ಹಿಂದೆ ಸರಿದಳು.

"ತಿಳಿಯೂದು ಬ್ಯಾಡವಾ. ಕೇಳಿದ್ದಷ್ಟ ಹೇಳು."

ಹೊಸ ಬಾಕ್ಸಿಗೆ ಮತ್ತೆ ಪದ ಹಾಕಿದೆ. ಬಳೆ ಬರಬೇಕಾದ ಜಾಗ ಬಂದಾಗ ಅವಳ ಕಡೆ ನೋಡುತ್ತಿದ್ದೆ. ಅವಳು ಸರಿಯಾಗಿ ಅಲ್ಲೇ ಬೆರಳು ಎತ್ತುತ್ತಿದ್ದಳು. "ಅದರಾಗ ಒಂದು ಬ್ಯಾರೆ ನಮೂನಿ ಐತೇನು?" ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು. "ಒಂದ್ ಬಳಿ ಸೀಳೈತ್ರಿ." ಅವತ್ತು ಅವ್ವನ ಬಲಗೈಯ ಬಳೆಯೊಂದು ಸೀಳಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ತಗೋರಿ ಸರ, ಮಾಲು ಚಲೋ ಐತಿ" ಎಂದೆ. ಏನು ಕೇಳಬೇಕೆಂಬುದು ನನಗಿನ್ನೂ ಗೊತ್ತಿತ್ತು, ಅಷ್ಟೇ ಉಳಿದಿತ್ತು.

ಪದ ಮುಗಿದಿತ್ತು, ಎಂದಿನಂತೆ ನಿಲ್ಲಿಸಲು ಕೈ ಹಾಕಿದೆ. "ತಡೀರಿ ಮಾವಾರ" ಎಂದಳು. "ಪದಾ ಮುಗದ ಮ್ಯಾಲ ಅಜ್ಜಿ ಉಸುರು ಬಿಡ್ತಾರ. ಭಾಳ ಸಣ್ಣಗ. ದಣಿದಾರ ಅನಸ್ತದ."

ಅಷ್ಟು ವರ್ಷ ಆ ಪದ ಹಾಕಿದವನು, ಮುಗಿದ ತಕ್ಷಣ ಬಂದ್ ಮಾಡುತ್ತಿದ್ದೆ. ಹಿಂದಕ್ಕೆ ತಂದು ಮತ್ತೆ ಹಚ್ಚಿದೆ. ಬಾಕ್ಸಿಗೆ ಕಿವಿ ಆನಿಸಿ ಕೂತೆ.

"ಈಗ ಬಂತ್ರಿ" ಎಂದಳು.

ನನಗೆ ಏನೂ ಕೇಳಿಸಲಿಲ್ಲ. ತಂದು ಇಡಲು ನೆನಪಿನಲ್ಲೂ ಅದು ಇರಲಿಲ್ಲ.