ಹಲ್ಲು ಕಿರಿದ ಕುಂಬಳಕಾಯಿ

ಆಗೆಲ್ಲ ಸಾಂಟಾ ಕ್ಲಾರಾದಿಂದ ಪ್ರವಾಸ ಹೊರಟರೆ ಅರ್ಧ ಅಡುಗೆಮನೆಯೇ ನಮ್ಮ ಜೊತೆ ವ್ಯಾನು ಹತ್ತುತ್ತಿತ್ತು. ರೈಸ್ ಕುಕ್ಕರು, ಪುಳಿಯೋಗರೆ ಗೊಜ್ಜು, ಕೋಡುಬಳೆ ಡಬ್ಬ. ನಾನು ಮೂರನೇ ಕ್ಲಾಸಿನಲ್ಲಿದ್ದ ಆ ಅಕ್ಟೋಬರಿನಲ್ಲಿ ಅಪ್ಪನ ಅಮ್ಮನೂ ಇದ್ದರು. ಬಂದು ತಿಂಗಳುಗಳಾದರೂ ಅಜ್ಜಿಗೆ ಅಮೆರಿಕ ಹಿಡಿಸಿರಲಿಲ್ಲ.

"ಬೀದೀಲಿ ಒಂದು ನರಪಿಳ್ಳೆ ಇಲ್ಲ. ಗೋಡೆ ಜೊತೆ ಮಾತಾಡ್ಲಾ? ಇನ್ನೊಂದ್ಸಲ ಕರೀಬೇಡ್ರಪ್ಪಾ" ಎಂದುಬಿಟ್ಟಿದ್ದರು.

ನನಗೋ ಅವರ ಸೆರಗು ಹಿಡಿದು ಮಲಗುವುದು ರೂಢಿಯಾಗಿತ್ತು. ಅಜ್ಜಿ ಮತ್ತೆ ಬರಬೇಕು, ಅಷ್ಟೇ.

ನೆವಾಡಾದ ಹಳೇ ಗಣಿ ಊರುಗಳನ್ನು ತೋರಿಸೋಣ ಎಂದದ್ದು ಅಪ್ಪ. ಅಜ್ಜಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ. ಬೆಟ್ಟ ಇಳಿದ ಮೇಲೆ ಮರವೆಂಬುದೇ ಇಲ್ಲ. ಬೂದುಬಣ್ಣದ ಕುರುಚಲು, ಉಪ್ಪಿನ ಬಯಲು, ಕಿಟಕಿ ಇಳಿಸಿದರೆ ಕಷಾಯದಂಥ ಘಾಟು. ತೂಕಡಿಸುತ್ತಿದ್ದ ಅಜ್ಜಿ ತಟ್ಟನೆ ಎದ್ದು ಕೂತರು. ಗುಡ್ಡದ ಮೇಲೆ, ಪಾಳುಬಿದ್ದ ಗಣಿಯ ಬಾಯಿಗೆ ನಿಲ್ಲಿಸಿದ ಎತ್ತರದ ಗೋಪುರ, ಅದರ ತುದಿಯಲ್ಲೊಂದು ಚಕ್ರ.

"ಅಯ್ಯೋ, ನಮ್ಮೂರಿನ ಚಕ್ರ ಕಣೇ! ನಮ್ಮಪ್ಪನ್ನ ಕೆಳಗಿಳಿಸ್ತಿದ್ದಿದ್ದು ಇಂಥದ್ರಲ್ಲೇ!"

ಆ ಊರಿನ ಮೋಟೆಲಿನಲ್ಲೇ ಉಳಿದೆವು. ಮರುದಿನ ಆಯುಧಪೂಜೆ. ಅಜ್ಜಿ ವ್ಯಾನಿಗೆ ಅಡ್ಡ ನಿಂತರು.

"ಪೂಜೆ ಆಗದ ಗಾಡಿ ನಾನು ಹತ್ತಲ್ಲ."

"ಈ ಮರಳುಗಾಡಲ್ಲಿ ಬೂದುಗುಂಬಳ ಎಲ್ಲಿಂದ ತರ್ಲಮ್ಮಾ?" ಅಪ್ಪ ತಲೆ ಕೆರೆದುಕೊಂಡರು.

ಮೋಟೆಲಿನ ಬಾಗಿಲಲ್ಲಿ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬಕ್ಕೆಂದು ಕಣ್ಣು, ಹಲ್ಲು ಕೆತ್ತಿದ ಕಿತ್ತಳೆ ಬಣ್ಣದ ಕುಂಬಳಕಾಯಿಗಳಿದ್ದವು. ನಾನು ಹೋಗಿ ಒಂದನ್ನು ಕೇಳಿದೆ. ಅಜ್ಜಿಯ ವಯಸ್ಸಿನ ಒಡತಿ ನಗುತ್ತ ಕೊಟ್ಟರು.

"ಇದಕ್ಕೆ ಹಲ್ಲು ಬೇರೆ! ದೃಷ್ಟಿ ತಾನಾಗೇ ಹೆದರಿ ಓಡುತ್ತೆ" ಎನ್ನುತ್ತ ಅಜ್ಜಿ ಕುಂಕುಮ ಹಚ್ಚಿ, ಮೇಲೆ ಕರ್ಪೂರ ಹೊತ್ತಿಸಿದರು. ಒಡತಿ ಚಪ್ಪಾಳೆ ತಟ್ಟಿದರು. ಅಪ್ಪ ಅದನ್ನು ವ್ಯಾನಿಗೆ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರು. ಢಬ್! ಒಡತಿಯ ಮುಖ ಬಾಡಿತು. ಅದನ್ನು ಕೆತ್ತಿದ್ದವರು ಅವರೇ.

ಅಮ್ಮ ನಾಚಿಕೆಯಿಂದ ಕುಗ್ಗಿಹೋದರು. ಎಲ್ಲ ಕೆಟ್ಟಿತು, ಅಜ್ಜಿ ಇನ್ನೆಂದೂ ಬರುವುದಿಲ್ಲ ಎಂದು ನನಗೆ ಅಳುವೇ ಬಂತು. ಅಜ್ಜಿ ನನ್ನನ್ನು ಮುಂದೆ ತಳ್ಳಿದರು.

"ಹೇಳೇ ಆಯಮ್ಮಂಗೆ. ಗಾಡಿಗೆ ತಗಲೋ ಕೆಟ್ಟದ್ದೆಲ್ಲ ಕಾಯಿಗೆ ಹೋಗ್ಲಿ ಅಂತ ಒಡೆಯೋದು. ನಮ್ಮಪ್ಪ ಹಬ್ಬದ ದಿನ ಗಣಿ ಬಾಗ್ಲಲ್ಲೂ ಒಡೀತಿದ್ರು."

ಇಂಗ್ಲಿಷಿನಲ್ಲಿ ಹೇಳಿದೆ. ಒಡತಿ ಗುಡ್ಡದ ಕಡೆ ಕೈ ತೋರಿಸಿ ಏನೋ ಹೇಳಿದರು. ನನ್ನ ಮುರುಕು ಕನ್ನಡದಲ್ಲಿ ಅಜ್ಜಿಗೆ ಹೇಳಿದೆ: "ಅಜ್ಜೀ, ಅವ್ರ ಅಪ್ಪಾನೂ... ಅಲ್ಲೇ... ಕೆಳಗೆ ಹೋಗ್ತಿತ್ತು."

ಒಡತಿ ಒಳಗಿನಿಂದ ಇನ್ನೊಂದು ಕುಂಬಳಕಾಯಿ ತಂದು, ತಮ್ಮ ಹಳೇ ಟ್ರಕ್ಕು ತೋರಿಸಿದರು. ಅಜ್ಜಿ ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಟ್ರಕ್ಕಿಗೆ ಕುಂಕುಮ, ಚಕ್ರಗಳಡಿ ನಿಂಬೆಹಣ್ಣು, ಆಮೇಲೆ ಇನ್ನೊಂದು ಢಬ್. ಮೆಟ್ಟಿಲ ಮೇಲೆ ಇಬ್ಬರೂ ಪುಳಿಯೋಗರೆ ತಿನ್ನುತ್ತ ಅಪ್ಪಂದಿರ ಸುದ್ದಿ ಹೇಳಿದ್ದೇ ಹೇಳಿದ್ದು. ನಡುವೆ ಕೂತ ನನಗೆ ಆ ಕಡೆಗೂ ಈ ಕಡೆಗೂ ಹೇಳಿ ಹೇಳಿ ಬಾಯಿ ಒಣಗಿತು.

ಹೊರಡುವಾಗ ಅಜ್ಜಿ ಹೇಳಿದರು: "ಮುಂದಿನ ಹಬ್ಬಕ್ಕೆ ಬರ್ತೀನಿ ಅನ್ನು."

ಅದನ್ನು ಇಂಗ್ಲಿಷಿಗೆ ತರುವ ಮೊದಲೇ ನಾನು ಕುಣಿದುಬಿಟ್ಟೆ.

ಅಜ್ಜಿ ಬಂದರು, ಮತ್ತೂ ಒಮ್ಮೆ ಬಂದರು. ಈಗ ಇಲ್ಲ. ಮೊನ್ನೆ ಗ್ರೋಸರಿ ಅಂಗಡಿಯಲ್ಲಿ ನಮ್ಮ ಅತ್ತೆ, ಮಗಳ ಅಜ್ಜಿ, ಫೋನಿಗೆ ಕನ್ನಡದಲ್ಲಿ ಏನೋ ಹೇಳಿದರು. ಫೋನು ಅದನ್ನು ಇಂಗ್ಲಿಷಿನಲ್ಲಿ ಅಂಗಡಿಯವಳಿಗೆ ಒಪ್ಪಿಸಿತು. ಒಳ್ಳೆಯದೇ. ಆದರೆ ಪಕ್ಕದಲ್ಲಿ ನಿಂತಿದ್ದ ನನ್ನ ಮಗಳನ್ನು ನೋಡಿ ಪಾಪ ಅನ್ನಿಸಿತು. ಅವಳನ್ನು ಮುಂದೆ ತಳ್ಳಿ "ಹೇಳೇ" ಎನ್ನುವವರು ಯಾರೂ ಇರಲಿಲ್ಲ.